ಒಂದು ದಿನ ತಡವಾದ ಸಹಿ

ನಮ್ಮ ಬಾಗಲಕೋಟೆ ಜಿಲ್ಲೆಯವರೊಬ್ಬರು 164 ದಿನ ರಾಷ್ಟ್ರಪತಿ ಭವನದ ಗದ್ದುಗೆಯ ಮೇಲಿದ್ದರು ಎಂದರೆ ಈಗಿನ ಹುಡುಗರು ನನ್ನ ಮುಖ ನೋಡುತ್ತಾರೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಳ್ಳುವವರೆಗೆ ದೇಶದ ಪ್ರತಿ ಕಾನೂನು, ಪ್ರತಿ ಘೋಷಣೆ ಸಾವಳಗಿಯವರ ಸಹಿಯಿಂದಲೇ ಹೊರಬಿತ್ತು. ಅವುಗಳಲ್ಲಿ ಒಂದು ಸಹಿ ಮಾತ್ರ ಒಂದು ದಿನ ತಡವಾಯಿತು. ಆ ಒಂದು ದಿನದ ವಿಷಯ ಹೇಳಲಿಕ್ಕೇ ಈ ಲೇಖನ. ಆದರೆ ಅದು ತಿಳಿಯಬೇಕಾದರೆ ಮೊದಲು ಲಂಡನ್ನಿಗೆ ಹೋಗಿ ಬರಬೇಕು.

ನಾನು ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು, ಇರುವುದು ತುಳಸಿಗೇರಿಯಲ್ಲಿ. ಶನಿವಾರ ಹನುಮಪ್ಪನ ದರ್ಶನಕ್ಕೆ ಸುತ್ತಲಿನ ಹಳ್ಳಿಗಳ ಜನ ಬರುತ್ತಾರೆ. ಕಾಯಿ ಒಡೆಸಿ, ಚಹಾ ಕುಡಿಯುತ್ತ ಕೂತವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇರುತ್ತಾರೆ. ಬ್ರಿಟನ್ನಿನ ಮೂರನೆಯ ಚಾರ್ಲ್ಸ್ ದೊರೆಗೆ 2023ರ ಮೇ 6ರಂದು ಕಿರೀಟಧಾರಣೆ ಆಯಿತಲ್ಲ, ಅದನ್ನು ಟಿವಿಯಲ್ಲಿ ನೋಡಿದ ಅವರಲ್ಲೊಬ್ಬ, ಕಲಾದಗಿ ಕಡೆ ದಾಳಿಂಬೆ ವ್ಯಾಪಾರ ಮಾಡುವವನು, ಕೇಳಿದ: "ಸರ, ಇಷ್ಟ್ ದೊಡ್ಡ ಕಿರೀಟ ಹಾಕ್ಕೊಂಡು ಅಂವಾ ಮಾಡೂದರೆ ಏನ್ರಿ? ಮನಸಿಗೆ ಬರಲಿಲ್ಲಂದ್ರ ಒಂದ್ ಕಾನೂನು ಬ್ಯಾಡ ಅನ್ನಾಕ ಬರತೈತಿಲ್ರಿ?"

ಬರುವುದಿಲ್ಲ. ಅಲ್ಲಿನ ಸಂಸತ್ತು ಒಪ್ಪಿದ ಮಸೂದೆಗೆ ದೊರೆಯ ಸಮ್ಮತಿ ಬೇಕೇ ಬೇಕು. ಅದಿಲ್ಲದೆ ಮಸೂದೆ ಕಾನೂನಾಗದು. ಆದರೆ ಹಾಗೆ ಸಮ್ಮತಿ ನಿರಾಕರಿಸಿದ ಕೊನೆಯ ಅರಸು ರಾಣಿ ಆನ್, 1708ರಲ್ಲಿ, ಸ್ಕಾಟ್ಲೆಂಡಿನ ಸೇನಾಪಡೆಯ ಮಸೂದೆಗೆ. ಅದನ್ನೂ ಆಕೆ ತನ್ನ ಮಂತ್ರಿಗಳ ಮಾತು ಕೇಳಿಯೇ ಮಾಡಿದಳು. ಅಂದಿನಿಂದ ಇಂದಿನವರೆಗೆ ಮುನ್ನೂರು ವರ್ಷ ಮೀರಿತು, ಒಮ್ಮೆಯೂ "ಇಲ್ಲ" ಎಂಬ ಉತ್ತರ ಬಂದಿಲ್ಲ. ಪ್ರಧಾನಿಯನ್ನು ತನ್ನ ಇಚ್ಛೆಯಿಂದ ಮನೆಗೆ ಕಳಿಸಿದ ಕೊನೆಯ ದೊರೆ ನಾಲ್ಕನೆಯ ವಿಲಿಯಂ. 1834ರಲ್ಲಿ ಮೆಲ್ಬರ್ನ್ ಪ್ರಭುವನ್ನು ತೆಗೆದು ರಾಬರ್ಟ್ ಪೀಲ್‌ರನ್ನು ತಂದು ಕೂರಿಸಿದ. ಚುನಾವಣೆ ನಡೆದರೂ ಪೀಲ್‌ಗೆ ಬಹುಮತ ಸಿಗಲಿಲ್ಲ, ಕೆಲವೇ ತಿಂಗಳಲ್ಲಿ ಮೆಲ್ಬರ್ನ್ ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತರು. ದೊರೆ ಅದೇ ಮುಖವನ್ನು ಮತ್ತೆ ನೋಡಬೇಕಾಯಿತು. ಅರಮನೆಗೆ ಅದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ನಮ್ಮ ಬಸವಣ್ಣನವರ ಮೂರ್ತಿಯಿದೆ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಬಿಜ್ಜಳನ ಮಂತ್ರಿಯಾಗಿದ್ದು ಕೊನೆಗೆ ಕೂಡಲಸಂಗಮದಲ್ಲಿ ಐಕ್ಯರಾದವರ ಮೂರ್ತಿ. ಅದರ ಎದುರಿಗೆ, ನದಿಯ ಆಚೆ ದಂಡೆಗೆ ಬ್ರಿಟಿಷ್ ಸಂಸತ್ತಿನ ಕಟ್ಟಡ. ಆ ಕಟ್ಟಡದೊಳಗಿನ ಒಂದು ಕೋಣೆಗೆ, ಅಂದರೆ ಜನಪ್ರತಿನಿಧಿಗಳು ಕೂರುವ ಕಾಮನ್ಸ್ ಸಭೆಗೆ, ಆ ದೇಶದ ದೊರೆ ಕಾಲಿಡುವಂತಿಲ್ಲ. 1642ರಲ್ಲಿ ಮೊದಲನೆಯ ಚಾರ್ಲ್ಸ್ ಐವರು ಸದಸ್ಯರನ್ನು ಹಿಡಿಯಲು ಸಿಪಾಯಿಗಳೊಂದಿಗೆ ನುಗ್ಗಿದ್ದ. ಏಳು ವರ್ಷದ ಮೇಲೆ ಅವನ ತಲೆಯೇ ಹೋಯಿತು. ಅಂದಿನಿಂದ ಯಾವ ಅರಸನೂ ಒಳಗೆ ಬಂದಿಲ್ಲ. ಈಗಲೂ ಅಧಿವೇಶನ ಆರಂಭವಾಗುವ ದಿನ ದೊರೆಯ ದೂತ ಕರೆಯಲು ಬಂದರೆ ಕಾಮನ್ಸ್ ಸಭೆಯ ಬಾಗಿಲನ್ನು ಅವರ ಮುಖಕ್ಕೇ ಧಡಾರನೆ ಮುಚ್ಚುತ್ತಾರೆ. ಕೋಲಿನಿಂದ ಮೂರು ಸಲ ಬಡಿದ ಮೇಲೆ ತೆರೆಯುತ್ತಾರೆ. ದೊರೆ ವಾಪಸು ಅರಮನೆ ಮುಟ್ಟುವವರೆಗೆ ಒಬ್ಬ ಸಂಸದರನ್ನು ಅರಮನೆಯಲ್ಲಿ ಒತ್ತೆಯಾಗಿ ಇಟ್ಟುಕೊಳ್ಳುವ ಪದ್ಧತಿಯೂ ಇದೆ. ಆಟದಂತೆ ಕಾಣುತ್ತದೆ, ಆದರೆ ಈ ಆಟದ ಹಿಂದೆ ಒಂದು ಕಡಿದ ತಲೆ ಇದೆ.

ಆ ದಿನ ದೊರೆ ಓದುವ ಭಾಷಣವನ್ನು ಗಮನಿಸಬೇಕು. ಬರೆದಿದ್ದು ಸರ್ಕಾರ, ಓದುವುದು ದೊರೆ. 2023ರ ನವೆಂಬರ್ 7ರಂದು ಚಾರ್ಲ್ಸ್ ದೊರೆಯಾಗಿ ಮೊದಲ ಸಲ ಅದನ್ನು ಓದಿದರು. ಪ್ರಧಾನಿ ಆಗ ರಿಷಿ ಸುನಕ್, ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಸುಧಾ ಮೂರ್ತಿಯವರ ಅಳಿಯ. ಉತ್ತರ ಸಮುದ್ರದಲ್ಲಿ ತೈಲ, ಅನಿಲ ತೆಗೆಯಲು ವರ್ಷಾವರ್ಷ ಪರವಾನಗಿ ಕೊಡುವ ಮಸೂದೆ ಆ ಭಾಷಣದಲ್ಲಿತ್ತು. ಚಾರ್ಲ್ಸ್ ಆಯುಷ್ಯವೆಲ್ಲ ಪರಿಸರದ ಪರ ಮಾತಾಡಿದವರು. ಯುವರಾಜರಾಗಿದ್ದಾಗ ಮಂತ್ರಿಗಳಿಗೆ ಪತ್ರ ಬರೆದು ಪೀಡಿಸಿದವರು, ಆ ಪತ್ರಗಳು 2015ರಲ್ಲಿ ಬಹಿರಂಗವಾಗಿ ಗದ್ದಲವೂ ಆಗಿತ್ತು. ಅಂಥವರು ತೈಲದ ಸಾಲುಗಳನ್ನು "ನನ್ನ ಸರ್ಕಾರ" ಎನ್ನುತ್ತ ಓದಿ ಮುಗಿಸಿದರು. ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ.

ನಮ್ಮ ಭಾಗದ ಯಾವ ಊರ ಜಾತ್ರೆಗೆ ಹೋದರೂ ಮಾನದ ಮನೆತನ ಅಂತ ಒಂದಿರುತ್ತದೆ. ಅವರು ಬಂದು ಕಾಯಿ ಒಡೆಯುವವರೆಗೆ ತೇರು ಅಲ್ಲಾಡುವುದಿಲ್ಲ. ಹಾಗಂತ "ಈ ವರ್ಷ ತೇರು ಬ್ಯಾಡ" ಎನ್ನಲಿ ನೋಡೋಣ. ಹಗ್ಗ ಊರವರ ಕೈಯಲ್ಲಿರುತ್ತದೆ. ದಾಳಿಂಬೆ ವ್ಯಾಪಾರಿಗೆ ನಾನು ಕೊಟ್ಟ ಉತ್ತರ ಅದೇ. ಅವನಿಗೆ ಅರ್ಥವಾಯಿತು, ಸಮಾಧಾನವಾಗಲಿಲ್ಲ. "ಹಂಗಾರ ಅಂವಾ ಇದ್ದರೂ ಅಷ್ಟ, ಇರದಿದ್ದರೂ ಅಷ್ಟ ಅಲ್ರಿ?"

ಅಷ್ಟೇ ಅಲ್ಲ. ವಾಲ್ಟರ್ ಬ್ಯಾಜೆಟ್ ಎಂಬ ಪತ್ರಕರ್ತ 1867ರಲ್ಲಿ ಇಂಗ್ಲೆಂಡಿನ ಸಂವಿಧಾನದ ಬಗ್ಗೆ ಒಂದು ಪುಸ್ತಕ ಬರೆದ. ಅಲ್ಲಿಯ ಸಂವಿಧಾನ ನಮ್ಮದರಂತೆ ಒಂದೇ ಗ್ರಂಥವಾಗಿ ಬರೆದಿಟ್ಟದ್ದಲ್ಲ. ಹಾಗಾಗಿ ಅವನ ಪುಸ್ತಕವನ್ನೇ ಅರಮನೆಯವರೂ ಪಠ್ಯದಂತೆ ಓದುತ್ತಾರೆ. ಅವನ ಪ್ರಕಾರ ಅರಸನಿಗೆ ಉಳಿದಿರುವುದು ಮೂರು ಹಕ್ಕು: ತನ್ನನ್ನು ಕೇಳಿ ಎನ್ನುವ ಹಕ್ಕು, ಬೆನ್ನು ತಟ್ಟುವ ಹಕ್ಕು, ಎಚ್ಚರಿಸುವ ಹಕ್ಕು. ವಾರಕ್ಕೊಮ್ಮೆ ಪ್ರಧಾನಿ ಅರಮನೆಗೆ ಹೋಗಿ ದೊರೆಯ ಎದುರು ಕೂರುತ್ತಾರೆ. ಮೂರನೆಯವರು ಇರುವುದಿಲ್ಲ, ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಎರಡನೆಯ ಎಲಿಜಬೆತ್ ಚರ್ಚಿಲ್‌ರಿಂದ ಲಿಜ್ ಟ್ರಸ್‌ವರೆಗೆ ಹದಿನೈದು ಪ್ರಧಾನಿಗಳನ್ನು ಹೀಗೆ ಕೂರಿಸಿಕೊಂಡು ಮಾತಾಡಿದವರು. ಎಪ್ಪತ್ತು ವರ್ಷದ ಕಡತ ಓದಿದ ಒಬ್ಬ ಮುದುಕಿ "ಇದನ್ನು ಇನ್ನೊಮ್ಮೆ ಯೋಚಿಸಿದಿರಾ?" ಎಂದರೆ ಮೊನ್ನೆ ಮೊನ್ನೆ ಗೆದ್ದು ಬಂದವನಿಗೆ ತುಸು ಬಿಸಿ ಮುಟ್ಟದೆ ಇರುತ್ತದೆಯೇ?

ಇದಕ್ಕೆ ನಮ್ಮ ನೆಲಕ್ಕೇ ತಾಗಿದ ಒಂದು ಉದಾಹರಣೆ ಇದೆ. 1857ರ ಕೊನೆಗೆ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸೆವು ಎಂದು ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಲಾವಣಿ ಕೇಳಿದವರಿಗೆಲ್ಲ ಆ ಕಥೆ ಗೊತ್ತು. ದೇಶದ ತುಂಬ ಅಂಥ ಬೆಂಕಿ ಹೊತ್ತಿ ಆರಿದ ಮೇಲೆ 1858ರಲ್ಲಿ ಕಂಪನಿಯ ಆಳ್ವಿಕೆ ಮುಗಿದು ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಆಡಳಿತ ಶುರುವಾಯಿತು. ನವೆಂಬರ್ 1ರಂದು ಹೊರಟ ರಾಣಿಯ ಘೋಷಣೆಯ ಕರಡನ್ನು ಮಂತ್ರಿಗಳು ಬರೆದಿದ್ದರು. ಆಗಸ್ಟಿನಲ್ಲಿ ಅದು ರಾಣಿಯ ಕೈಸೇರಿದಾಗ ಆಕೆಗೆ ಹಿಡಿಸಲಿಲ್ಲ. ಪ್ರಧಾನಿ ಡರ್ಬಿ ಪ್ರಭುವಿಗೆ ಪತ್ರ ಬರೆದಳು: ರಕ್ತ ಹರಿದ ಯುದ್ಧದ ನಂತರ ಕೋಟಿಗಟ್ಟಲೆ ಜನರೊಂದಿಗೆ ಒಬ್ಬ ಹೆಂಗಸು ಮಾತಾಡುತ್ತಿದ್ದಾಳೆ ಎಂಬುದು ನೆನಪಿರಲಿ, ಉದಾರತೆ ಮತ್ತು ಧಾರ್ಮಿಕ ಸಹನೆ ಅದರಲ್ಲಿ ಕಾಣಲಿ, ನೀವೇ ಕೂತು ಮತ್ತೆ ಬರೆಯಿರಿ ಎಂಬ ಅರ್ಥದಲ್ಲಿ. ಡರ್ಬಿ ಮತ್ತೆ ಬರೆದರು. ಘೋಷಣೆ ಮಾಡಬೇಕೋ ಬೇಡವೋ ಎಂಬುದು ರಾಣಿಯ ಕೈಯಲ್ಲಿರಲಿಲ್ಲ, ಕರಡನ್ನು ತಿರುಗಿ ಕಳಿಸುವುದು ಇತ್ತು. ಹಲಗಲಿಯ ಮನೆಗಳಿಗೆ ಅದರಿಂದ ಏನು ಬಂತು ಎಂದು ಕೇಳಿದರೆ, ಏನೂ ಇಲ್ಲ.

ಲಂಡನ್ನಿನಲ್ಲಿ ಕೈ ಕಟ್ಟಿಸಿಕೊಂಡ ಅದೇ ದೊರೆಯ ಹೆಸರು ಹೇಳಿಕೊಂಡು ನಮ್ಮ ಕಡೆ ಪೊಲಿಟಿಕಲ್ ಏಜೆಂಟರು ನಮ್ಮ ಅರಸರ ಕೈ ಕಟ್ಟಿದರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಾಮದುರ್ಗದಲ್ಲಿ ಭಾವೆ ಮನೆತನ. ಏಜೆಂಟರ ಮರ್ಜಿ ತಪ್ಪಿದರೆ ಗಾದಿಗೇ ಕುತ್ತು. ಮುಧೋಳದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಬೇಟೆನಾಯಿ ಮರಿ ಕೊಟ್ಟರು, ಆ ತಳಿಗೆ ಮುಧೋಳದ ಹೆಸರು ನಿಂತಿದ್ದು ಹಾಗೆ ಎಂದು ನಮ್ಮಲ್ಲಿ ಹೇಳುತ್ತಾರೆ. ತನ್ನ ಸಂಸತ್ತಿಗೆ ಬೇಡ ಎನ್ನಲಾಗದ ದೊರೆ, ಆ ದೊರೆಯ ಅಧಿಕಾರಿಗೆ ಬೇಡ ಎನ್ನಲಾಗದ ಅರಸ, ನಡುವೆ ಎರಡು ನಾಯಿಮರಿ.

ಔಂಧ್ ಸಂಸ್ಥಾನದ ಕಥೆ ಬೇರೆ. ಸಾತಾರಾ ಕಡೆಯ ಸಂಸ್ಥಾನವಾದರೂ ಅದರ ಒಂದು ತುಂಡು, ಗುಣದಾಳ, ನಮ್ಮ ವಿಜಾಪುರ ಸೀಮೆಯಲ್ಲಿತ್ತು. ಅಲ್ಲಿನ ರಾಜಾ ಭವಾನರಾವ್ ಪಂತ ಪ್ರತಿನಿಧಿ, ಸೂರ್ಯನಮಸ್ಕಾರದ ಪ್ರಚಾರದಿಂದ ಹೆಸರಾದವರು, 1939ರ ಜನವರಿಯಲ್ಲಿ ಗಾಂಧೀಜಿಯ ಮಾರ್ಗದರ್ಶನದಲ್ಲಿ ಸಿದ್ಧವಾದ ಸಂವಿಧಾನಕ್ಕೆ ಒಪ್ಪಿ ಅಧಿಕಾರವನ್ನು ಪ್ರಜೆಗಳ ಸಭೆಗೆ ಬಿಟ್ಟುಕೊಟ್ಟರು. ಇಂಗ್ಲೆಂಡಿನಲ್ಲಿ ಯುದ್ಧ, ಶಿರಚ್ಛೇದ, ಪದಚ್ಯುತಿ ಎಲ್ಲ ಆಗಿ ಬಂದದ್ದು ಇಲ್ಲಿ ಒಂದು ಕಾಗದದ ಮೇಲೆ ಬಂತು. ಮೈಸೂರಿನಲ್ಲಿ ಅದೇ ಮಾತಿಗೆ 1947ರ ಅಕ್ಟೋಬರ್ 24ರವರೆಗೆ ಕಾಯಬೇಕಾಯಿತು, ಚಳವಳಿಯನ್ನೇ ಮಾಡಬೇಕಾಯಿತು.

ಜತ್ತಿಯವರು ರಾಜಕೀಯಕ್ಕೆ ಬಂದದ್ದೇ ಇಂಥ ಅರಸೊತ್ತಿಗೆಯ ನೆರಳಿನಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಶುರುಮಾಡಿದರು. ಪುರಸಭೆ, ಪ್ರಜಾ ಪರಿಷತ್ತು, ಆಮೇಲೆ ಜಮಖಂಡಿ ಸಂಸ್ಥಾನದ ಮಂತ್ರಿ, ಕೊನೆಗೆ ಅದರ ದಿವಾನರು. ರಾಜರ ಎದುರು ಪ್ರಜೆಗಳ ಪರ ಕೂತು ಕೆಲಸ ಮಾಡಿದ ಮನುಷ್ಯ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1952ರ ಚುನಾವಣೆಯ ನಂತರ ಜತ್ತಿಯವರು ಮುಂಬಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಆ ಸರ್ಕಾರದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಈ ಹೆಸರು ನೆನಪಿರಲಿ. 1958ರಿಂದ 1962ರವರೆಗೆ ಜತ್ತಿಯವರೇ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅವರ ನಂತರ ಬಂದವರೂ ನಮ್ಮವರೇ, ಹುನಗುಂದದಿಂದ ಗೆದ್ದಿದ್ದ ಎಸ್. ಆರ್. ಕಂಠಿ. ಸೋತಿದ್ದ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬರುವವರೆಗೆ ಕುರ್ಚಿ ಕಾಯ್ದು, ಬಂದ ಕೂಡಲೆ ಬಿಟ್ಟುಕೊಟ್ಟರು. ಆ ಕಾಲದ ನಮ್ಮ ಜಿಲ್ಲೆಯ ರಾಜಕಾರಣಿಗಳ ಬಗ್ಗೆ ನನಗೆ ಈಗಲೂ ಸೋಜಿಗ.

ಇನ್ನು 1977. ಮಾರ್ಚಿನಲ್ಲಿ ತುರ್ತು ಪರಿಸ್ಥಿತಿಯ ನಂತರದ ಚುನಾವಣೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತು ಎನ್ನುವುದು ಬೇರೆ ಮಾತು. ಮಾರ್ಚ್ 24ರಂದು ಹಂಗಾಮಿ ರಾಷ್ಟ್ರಪತಿ ಜತ್ತಿಯವರು ಜನತಾ ಪಕ್ಷದ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದರು. ಪ್ರಧಾನಿ ಯಾರು? ಅದೇ ಮೊರಾರ್ಜಿ ದೇಸಾಯಿ. ಕಾಲು ಶತಮಾನದ ಹಿಂದೆ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಅವರು ಈಗ ಬಂದು ತಲೆಬಾಗುತ್ತಾರೆ, ಆದರೆ ನಡೆಯುವುದು ಆಗಲೂ ಈಗಲೂ ಅವರ ಮಾತೇ. ಸಂವಿಧಾನದ ಮುಖ್ಯಸ್ಥ ಎಂದರೆ ಏನೆಂದು ತರಗತಿಯಲ್ಲಿ ವಿವರಿಸಬೇಕಾದಾಗ ನಾನು ಈ ಇಬ್ಬರನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ.

ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಸೋತ ಒಂಬತ್ತು ರಾಜ್ಯಗಳಲ್ಲಿ ಅದರದೇ ಸರ್ಕಾರಗಳಿದ್ದವು: ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣ, ಹಿಮಾಚಲ, ಪಶ್ಚಿಮ ಬಂಗಾಳ, ಒಡಿಶಾ. ಲೋಕಸಭೆಯಲ್ಲಿ ಜನ ನಿಮ್ಮನ್ನು ತಿರಸ್ಕರಿಸಿದ್ದಾರೆ, ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋಗಿ ಎಂದು ಗೃಹಮಂತ್ರಿ ಚರಣ್ ಸಿಂಗ್ ಏಪ್ರಿಲ್ 18ರಂದು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಒಳಗಿನ ಲೆಕ್ಕ ಇನ್ನೊಂದಿತ್ತು. ಆಗಸ್ಟಿನೊಳಗೆ ರಾಷ್ಟ್ರಪತಿ ಚುನಾವಣೆ ನಡೆಯಬೇಕು, ಅದರಲ್ಲಿ ಶಾಸಕರಿಗೆ ಮತ ಇದೆ. ಹಳೆಯ ವಿಧಾನಸಭೆಗಳೇ ಇದ್ದರೆ ಜನತಾ ಪಕ್ಷಕ್ಕೆ ಕಷ್ಟ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ದಾವೆಗಳನ್ನು ವಜಾ ಮಾಡಿತು. ಒಂಬತ್ತೂ ವಿಧಾನಸಭೆ ವಿಸರ್ಜಿಸುವ ಸಲಹೆಯೊಂದಿಗೆ ಸಂಪುಟದ ಕಾಗದ ಅಂದೇ ರಾಷ್ಟ್ರಪತಿ ಭವನಕ್ಕೆ ಬಂತು.

ಜತ್ತಿಯವರು ಸಹಿ ಹಾಕಲಿಲ್ಲ.

ದೆಹಲಿಯಲ್ಲಿ ಗದ್ದಲ ಎದ್ದಿತು. ಹಳೆಯ ಕಾಂಗ್ರೆಸ್ಸಿಗ, ಪಕ್ಷಕ್ಕೆ ಋಣ ತೀರಿಸುತ್ತಿದ್ದಾರೆ ಎಂದರು. ಸಂಪುಟ ಮತ್ತೆ ಸೇರಿ, ಸಲಹೆಗೆ ನೀವು ಬದ್ಧರು ಎಂದು ಖಡಕ್ಕಾಗಿ ತಿಳಿಸಿತು. ಏಪ್ರಿಲ್ 30ರಂದು ಸಹಿ ಬಿತ್ತು. ಜೂನಿನಲ್ಲಿ ಒಂಬತ್ತೂ ರಾಜ್ಯಗಳಲ್ಲಿ ಚುನಾವಣೆ ನಡೆಯಿತು.

ತರಗತಿಯಲ್ಲಿ ಇಷ್ಟು ಹೇಳಿ ನಿಲ್ಲಿಸಿದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರದೆ ಇರುತ್ತಿರಲಿಲ್ಲ: "ಸರ, ಸಹಿ ಹಾಕಾಂಗಿಲ್ಲ ಅಂತ ಗಟ್ಟಿ ಕುಂತಿದ್ರ ಏನ್ ಮಾಡ್ತಿದ್ರು?" ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ತೆಗೆದುಹಾಕಬಹುದಿತ್ತಲ್ಲ ಎನ್ನುತ್ತಾರೆ. ಕಾನೂನಿನ ಯಾವ ದಾರಿ ಹಿಡಿದರೂ ರಾಜ್ಯಸಭೆಯನ್ನು ದಾಟಲೇಬೇಕು, ಮತ್ತು ಆಗ ರಾಜ್ಯಸಭೆಯಲ್ಲಿ ಬಹುಮತ ಕಾಂಗ್ರೆಸ್ಸಿನದು. ಅಂದರೆ ಕಾಗದದ ಮೇಲೆ ಜತ್ತಿಯವರನ್ನು ಮುಟ್ಟುವವರು ಯಾರೂ ಇರಲಿಲ್ಲ. ಆದರೂ ಸಹಿ ಹಾಕಿದರು. ಅವರನ್ನು ಮಣಿಸಿದ್ದು ಶಿಕ್ಷೆಯ ಭಯವಲ್ಲ. ನಾಳೆ ಸಂಸತ್ತಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವರು ಮೊರಾರ್ಜಿ, ತಾವಲ್ಲ. ಉತ್ತರ ಹೇಳದವನು ತೀರ್ಮಾನ ಮಾಡುವಂತಿಲ್ಲ. ಬ್ರಿಟನ್ನಿನ ಅರಸನ ಅಧಿಕಾರದ ಮಿತಿಯೂ ಇದೇ, ನಮ್ಮ ರಾಷ್ಟ್ರಪತಿಯದೂ ಇದೇ, ಉಳಿದದ್ದೆಲ್ಲ ಇದಕ್ಕೆ ತೊಡಿಸಿದ ಜರಿಯಂಗಿ.

ಹಾಗಾದರೆ ಆ ಒಂದು ದಿನ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಇಂದಿರಾ ಸರ್ಕಾರ 1976ರಲ್ಲಿ ತಂದ 42ನೇ ತಿದ್ದುಪಡಿ, ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂದು ಮೊದಲ ಸಲ ಅಕ್ಷರದಲ್ಲಿ ಬರೆದು ಮುಚ್ಚಿಬಿಟ್ಟಿತ್ತು. ಒಮ್ಮೆ ಮರುಪರಿಶೀಲಿಸಿ ಎನ್ನುವ ಕಿಂಡಿಯನ್ನೂ ಅದು ಬಿಟ್ಟಿರಲಿಲ್ಲ. ಕಾಂಗ್ರೆಸ್ ಕಟ್ಟಿದ ಗೋಡೆಗೆ ಕಾಂಗ್ರೆಸ್ಸಿನಿಂದ ಬಂದ ಜತ್ತಿಯವರೇ ಮೊದಲು ಹಣೆ ಚಚ್ಚಿಕೊಂಡರು. ಕೇಳದೆ ಸಹಿ ಹಾಕಿದರೆ ಏನಾಗುತ್ತದೆಂದು ದೇಶ ಅದಕ್ಕೆ ಎರಡೇ ವರ್ಷ ಮೊದಲು ನೋಡಿತ್ತು. 1975ರ ಜೂನ್ 25ರ ರಾತ್ರಿ, ಸಂಪುಟ ಸಭೆ ಸೇರುವ ಮೊದಲೇ, ಫಕ್ರುದ್ದೀನ್ ಅಲಿ ಅಹ್ಮದರು ತುರ್ತು ಪರಿಸ್ಥಿತಿಗೆ ರುಜು ಹಾಕಿದರು. ಮಂತ್ರಿಗಳಿಗೆ ಗೊತ್ತಾದದ್ದು ಬೆಳಿಗ್ಗೆ. ಸ್ನಾನದ ತೊಟ್ಟಿಯಲ್ಲೇ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುವ ರಾಷ್ಟ್ರಪತಿಯನ್ನು ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರ ನೋಡಿದವರು ಮರೆಯಲಾರರು.

ಜನತಾ ಸರ್ಕಾರವೇ 44ನೇ ತಿದ್ದುಪಡಿಯಲ್ಲಿ ಕಿಂಡಿ ತೆರೆಯಿತು. ಸಲಹೆಯನ್ನು ರಾಷ್ಟ್ರಪತಿ ಒಮ್ಮೆ ತಿರುಗಿ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. ಜತ್ತಿಯವರು ಕಾನೂನಿನ ಆಸರೆ ಇಲ್ಲದೆ ತೆಗೆದುಕೊಂಡ ಒಂದು ದಿನ ಹೀಗೆ ಸಂವಿಧಾನದೊಳಗೆ ಬಂದು ಕೂತಿತು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಲು ಗುಜ್ರಾಲ್ ಸಂಪುಟ ಹೇಳಿದಾಗ ಕೆ. ಆರ್. ನಾರಾಯಣನ್ ಕಾಗದ ತಿರುಗಿ ಕಳಿಸಿದರು. ಸಂಪುಟ ಸುಮ್ಮನಾಯಿತು. ಕಲಾಂ ಅವರು 2005ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆ ವಿಸರ್ಜನೆಯ ಕಾಗದಕ್ಕೆ ನಡುರಾತ್ರಿ ಸಹಿ ಹಾಕಿದರು. ಮುಂದೆ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದಿತು.

ಸಲಹೆಯೇ ಕೆಟ್ಟದಾಗಿದ್ದರೆ ಅರಸ ತಡೆಯಬೇಡವೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. 2019ರ ಆಗಸ್ಟ್ 28ರಂದು ಬ್ರಿಟನ್ನಿನಲ್ಲಿ ಅಂಥದ್ದೇ ಸಲಹೆ ಬಂತು. ಯುರೋಪಿನ ಒಕ್ಕೂಟ ಬಿಡುವ ವಿಚಾರದಲ್ಲಿ ಸಂಸತ್ತು ಅಡ್ಡ ಬರುತ್ತದೆಂದು ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಅಧಿವೇಶನವನ್ನೇ ಮುಂದೂಡುವ ಸಲಹೆ ಕೊಟ್ಟರು. ತೊಂಬತ್ತಮೂರರ ರಾಣಿ ಒಪ್ಪಿದರು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆಯೇ ಕಾನೂನುಬಾಹಿರ, ಮುಂದೂಡಿಕೆ ಆಗಿಯೇ ಇಲ್ಲ ಎಂದರು. ತಪ್ಪು ಪ್ರಧಾನಿಯ ಕೊರಳಿಗೆ ಬಿತ್ತು, ರಾಣಿಯ ಹತ್ತಿರ ಸುಳಿಯಲಿಲ್ಲ. ರಾಣಿ ಅಂದು "ಆಗದು" ಎಂದಿದ್ದರೆ ಒಂದು ವಾರ ಜನ ಚಪ್ಪಾಳೆ ಹೊಡೆಯುತ್ತಿದ್ದರು, ಮುಂದಿನ ಪ್ರಧಾನಿಗೂ ಅರಮನೆಯ ಮುಖ ನೋಡಿ ಕಾನೂನು ಮಾಡುವ ಗತಿ ಬರುತ್ತಿತ್ತು. ತಡೆಯುವ ಕೆಲಸ ಕೋರ್ಟಿಗೆ, ಸಂಸತ್ತಿಗೆ, ಮತಪೆಟ್ಟಿಗೆಗೆ ಸೇರಿದ್ದು.

ಜತ್ತಿಯವರ ಸಹಿಯಿಂದ ಬಿದ್ದ ದಾರಿ ಒಳ್ಳೆಯದಾಗಲಿಲ್ಲ ಎನ್ನುವುದೂ ನಿಜ. 1980ರಲ್ಲಿ ಇಂದಿರಾ ಗಾಂಧಿ ಗೆದ್ದು ಬಂದವರೇ ಅದೇ ತರ್ಕ ಹಿಡಿದು ಫೆಬ್ರವರಿಯಲ್ಲಿ ಒಂಬತ್ತು ವಿಧಾನಸಭೆ ವಿಸರ್ಜಿಸಿದರು. ಒಂಬತ್ತಕ್ಕೆ ಒಂಬತ್ತು, ಬಡ್ಡಿ ಇಲ್ಲದೆ ಸಾಲ ತೀರಿತು. ಅದಕ್ಕೆ ಕಡಿವಾಣ ಬಿದ್ದದ್ದು ಮತ್ತೊಬ್ಬ ಉತ್ತರ ಕರ್ನಾಟಕದವರಿಂದ. 1989ರ ಏಪ್ರಿಲಿನಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು 19 ಶಾಸಕರ ಪತ್ರ ನಂಬಿ ವರದಿ ಕಳಿಸಿದರು. ಬಹುಮತವನ್ನು ಸದನದಲ್ಲಿ ತೋರಿಸುತ್ತೇನೆ ಎಂದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರಿಗೆ ಅವಕಾಶ ಕೊಡದೆ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಐದು ವರ್ಷದ ನಂತರ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಎಣಿಸುವ ಜಾಗ ಸದನ, ರಾಜಭವನವಲ್ಲ ಎಂದಿತು. ಲೋಕಸಭೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯ ಸರ್ಕಾರವನ್ನು ಕಿತ್ತುಹಾಕುವಂತಿಲ್ಲ, ಸಂಸತ್ತು ಒಪ್ಪುವವರೆಗೆ ವಿಧಾನಸಭೆ ವಿಸರ್ಜಿಸುವಂತಿಲ್ಲ ಎಂಬುದೂ ಆ ತೀರ್ಪಿನಿಂದ ಗಟ್ಟಿಯಾಯಿತು. 2018ರಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಅವರು ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ಹದಿನೈದು ದಿನ ಕೊಟ್ಟರು. ಮೇ 18ರಂದು ಸುಪ್ರೀಂ ಕೋರ್ಟು "ನಾಳೆ ನಾಲ್ಕು ಗಂಟೆಗೆ" ಎಂದಿತು, ಮರುದಿನ ಯಡಿಯೂರಪ್ಪನವರು ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು.

ಬ್ರಿಟನ್ನಿನ ದೊರೆ ತನ್ನ ಮಿತಿಯಲ್ಲಿರುತ್ತಾನೆ, ನಮ್ಮ ರಾಜ್ಯಪಾಲರು ಏಕೆ ಇರುವುದಿಲ್ಲ? ಗುಣದ ಮಾತಲ್ಲ ಇದು. ದೊರೆಗೆ ಮುಂದಿನ ಹುದ್ದೆ ಎಂಬುದಿಲ್ಲ. ಯಾವ ಪಕ್ಷವೂ ಅವನಿಗೆ ಬಡ್ತಿ ಕೊಡಲಾರದು, ವರ್ಗ ಮಾಡಲಾರದು. ರಾಜ್ಯಪಾಲರನ್ನು ಕೇಂದ್ರ ಸರ್ಕಾರ ಕಳಿಸುತ್ತದೆ, ಬೇಡವಾದಾಗ ಕರೆಸಿಕೊಳ್ಳುತ್ತದೆ, ಮೆಚ್ಚಿದರೆ ಮೇಲಕ್ಕೆ ಏರಿಸುತ್ತದೆ. 2023ರ ಜನವರಿಯಲ್ಲಿ ತಮಿಳುನಾಡಿನ ರಾಜ್ಯಪಾಲರು ಸರ್ಕಾರ ಬರೆದುಕೊಟ್ಟ ಭಾಷಣದ ಕೆಲವು ಸಾಲು ಬಿಟ್ಟು ಓದಿ, ಸದನದಿಂದ ಎದ್ದು ಹೋದರು. ಅದೇ ವರ್ಷ ನವೆಂಬರಿನಲ್ಲಿ ಚಾರ್ಲ್ಸ್ ತೈಲದ ಸಾಲುಗಳನ್ನು ಓದಿದ್ದು.

ಜತ್ತಿಯವರೂ ರಾಜ್ಯಪಾಲರಾಗಿದ್ದವರೇ, ಒಡಿಶಾದಲ್ಲಿ. ಈ ಭಾಗವನ್ನು ನಮ್ಮ ಜಿಲ್ಲೆಯ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. 1973ರ ಮಾರ್ಚಿನಲ್ಲಿ ಅಲ್ಲಿನ ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪತಿ ಬಹುಮತ ಕಳೆದುಕೊಂಡು ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜಿಸಿ ಎಂದರು. ವಿರೋಧ ಪಕ್ಷದ ಬಿಜು ಪಟ್ನಾಯಕ್ ಬಹುಮತ ನಮಗಿದೆ ಎಂದರು. ಬ್ರಿಟಿಷ್ ಸಂಪ್ರದಾಯ ಹೇಳುವಂತೆ ಅವರನ್ನು ಕರೆದು ಒಂದು ಅವಕಾಶ ಕೊಡಬೇಕಿತ್ತು. ಜತ್ತಿಯವರು ಕೊಡಲಿಲ್ಲ. ವಿಧಾನಸಭೆ ವಿಸರ್ಜನೆಯಾಗಿ ರಾಷ್ಟ್ರಪತಿ ಆಳ್ವಿಕೆ ಬಂತು, ವರ್ಷದ ನಂತರ ನಂದಿನಿ ಸತ್ಪತಿಯವರೇ ತಿರುಗಿ ಮುಖ್ಯಮಂತ್ರಿಯಾದರು. ಅಲ್ಲಿ ಅವರು ಒಂದು ದಿನ ತಡೆಯಲಿಲ್ಲ, ಯಾರನ್ನೂ ಮರುಯೋಚನೆ ಮಾಡಿ ಎನ್ನಲಿಲ್ಲ. ಆ ನಿರ್ಧಾರವನ್ನು ನಾನು ಸರಿ ಎನ್ನಲಾರೆ, ನಮ್ಮ ಜಿಲ್ಲೆಯವರಾದರೇನು.

ಒಡಿಶಾದಿಂದ ಅವರು ನೇರ ಉಪರಾಷ್ಟ್ರಪತಿ ಸ್ಥಾನಕ್ಕೆ ಹೋದರು, 1974ರ ಆಗಸ್ಟಿನಲ್ಲಿ. ದೆಹಲಿಯಲ್ಲಿ ಒಂದು ದಿನ ಸಹಿ ತಡೆದ ಮೇಲೆ ಯಾವ ಪಕ್ಷವೂ ಅವರನ್ನು ಮತ್ತೊಂದು ಹುದ್ದೆಗೆ ಕರೆಯಲಿಲ್ಲ. 1979ರ ಆಗಸ್ಟಿನಲ್ಲಿ ಅವಧಿ ಮುಗಿಸಿ, ತಾವೇ 1964ರಲ್ಲಿ ಕಟ್ಟಿದ್ದ ಬಸವ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದರು.